ಚಂದ್ರನ ಮೇಲೆ ಪಾತ್ರೆ ತೊಳೆಯುವ ಸರದಿ

ಅವಳು ವೈಜ್ಞಾನಿಕ ಕಥೆ ಬರೆಯಲು ಹಿಡಿದು ಎಷ್ಟೋ ವರ್ಷವಾಗಿತ್ತು. ಪತ್ರಿಕೆಗಳು ಅವನ್ನು ಜಾಹೀರಾತುಗಳ ಸಂದಿಯಲ್ಲಿ ತುರುಕುತ್ತಿದ್ದವು. ಓದಿದೆವು ಎಂದವರು ಬೆರಳೆಣಿಕೆಯಷ್ಟೂ ಇಲ್ಲ. ಬೀದಿಯವರಿಗೆ ಅವಳು ಬರೀ ರಾಕೆಟ್ಟಕ್ಕ.

ಮನೆಯೊಳಗಿನ ಕಥೆಯೇ ಬೇರೆ. ಮದುವೆಯಾದ ಹೊಸದರಲ್ಲೇ ಅವಳೊಂದು ಕಟ್ಟಳೆ ಹಾಕಿದ್ದಳು: ಮುಂದೇನಾಯಿತು ಎಂದು ಕೇಳಿದವರು ಅವಳ ಕೈಯಲ್ಲಿದ್ದ ಕೆಲಸ ತೆಗೆದುಕೊಳ್ಳಬೇಕು. ಕೈ ಖಾಲಿಯಾದರೆ ತಾನೇ ಪೆನ್ನು ಹಿಡಿಯುವುದು! ಅವಳ ಕಥೆಯ ಹಡಗು ಶನಿಗ್ರಹದ ಬಳೆಗೆ ಸಿಕ್ಕಿಕೊಂಡಾಗ ಗಂಡ ಬಟ್ಟೆ ಒಗೆಯುವುದನ್ನು ಕಲಿತ. ಅತ್ತೆ ಗೊಣಗುತ್ತಲೇ ತರಕಾರಿ ಹೆಚ್ಚಿದರು. "ಆ ಕ್ಯಾಪ್ಟನ್ ಹುಡುಗೀನ ಸಾಯಿಸಿಗೀಯಿಸೀಯ, ಜೋಕೆ!"

ಕೊನೆಗೂ ಒಬ್ಬ ಪ್ರಕಾಶಕ ಅವಳ ಮೊದಲ ಪುಸ್ತಕ ಹಾಕಲು ಒಪ್ಪಿದ. ಆದರೆ ಒಂದು ಷರತ್ತು ಹೊತ್ತು, ಅವಳು ಪಾತ್ರೆ ತೊಳೆಯುತ್ತಿದ್ದಾಗ ಮನೆಗೇ ಬಂದ.

"ಚಂದ್ರನ ಮೇಲೆ ಪಾತ್ರೆ ತೊಳೆಯೋ ಸರದಿಗೆ ಜಗಳ ಆಡ್ತಾರಲ್ಲ, ಆ ಅಧ್ಯಾಯ ತೆಗೀರಿ ಮೇಡಂ. ಅಷ್ಟು ದೂರ ಹೋದೋರು ಪಾತ್ರೆ ಬಗ್ಗೆ ಯೋಚಿಸ್ತಾರಾ?"

"ಅಷ್ಟು ದೂರ ಹೋದೋರು ಊಟ ಮಾಡ್ತಾರಲ್ಲ?"

"ಅದು ಇದ್ರೆ ಪುಸ್ತಕ ಇಲ್ಲ, ಅಷ್ಟೇ."

ಪುಸ್ತಕವಂತೂ ಅವಳಿಗೆ ಬೇಕೇ ಬೇಕಿತ್ತು. ಆ ಅಧ್ಯಾಯ ಬಿಡಲೂ ಮನಸ್ಸಿಲ್ಲ. ತಳ ಹಿಡಿದ ಬಾಣಲೆ ಉಜ್ಜತೊಡಗಿದಳು.

ಪ್ರಕಾಶಕ ಚಡಪಡಿಸಿದ. "ಅಲ್ಲಾ, ಕೊನೇ ಅಧ್ಯಾಯ ಕಳಿಸೇ ಇಲ್ವಲ್ಲ? ಅವರು ಭೂಮಿಗೆ ವಾಪಸ್ ಬರ್ತಾರೋ ಇಲ್ವೋ?"

ಅತ್ತೆಯ ಕಣ್ಣು ಮಿನುಗಿತು. "ಕೇಳೇಬಿಟ್ರಲ್ಲಪ್ಪ! ಅಂಗಿ ತೋಳು ಮಡಚಿ."

ಗಂಡ ನಗುತ್ತ ಬಾಣಲೆಯನ್ನು ಅತಿಥಿಯ ಕೈಗೆ ದಾಟಿಸಿದ. ಅವಳು ಕೈ ಒರೆಸಿಕೊಂಡು ಬರೆಯಲು ಕುಳಿತಳು. ಪಾಪ, ಆತ ಉಜ್ಜಿದ. ಅಂಗಿಯೆಲ್ಲ ಒದ್ದೆ, ಬಾಣಲೆ ಇದ್ದಂತೆಯೇ ಇದೆ.

"ಇಲ್ಲೇ ಹೀಗೆ, ಹನಿ ನೀರಿಗೂ ಬರ ಇರೋ ಚಂದ್ರನ ಮೇಲೆ ಇದನ್ನ ಹೇಗ್ರೀ ತೊಳೀತಾರೆ?"

"ಅಲ್ಲಿನ ಧೂಳಲ್ಲಿ. ಗಾಜಿನ ಪುಡಿ ಹಾಗೆ ಚೂಪಾಗಿರುತ್ತೆ. ಆ ಅಧ್ಯಾಯದಲ್ಲೇ ಇದೆಯಲ್ಲ?"

ಆತನ ಕೈ ನಿಂತಿತು. "ಪಾತ್ರೆ ಅಂತ ಕಂಡ ಕೂಡ್ಲೇ ಹಾಳೆ ಮಗುಚಿಬಿಟ್ಟೆ," ಎಂದು ಹಲ್ಲುಗಿಂಜಿದ. "ಇರ್ಲಿ ಬಿಡಿ. ಎಲ್ಲಾ ಇರ್ಲಿ. ನೀವು ಬರೀತಾ ಇರಿ."

ಪುಸ್ತಕ ಬಂತು. ಮಾರಾಟ ಅಷ್ಟಕ್ಕಷ್ಟೆ. ಆದರೆ ಒಂದು ಬೆಳಿಗ್ಗೆ ಪ್ರಕಾಶಕನ ಹೆಂಡತಿ ಫೋನು ಮಾಡಿದಳು.

"ಅಕ್ಕಾ, ನಮ್ಮನೆಯೋರು ನಿಮ್ಮಲ್ಲಿ ಬಾಣಲೆ ಉಜ್ಜಿದ್ರಂತೆ! ಮುಂದಿನ ಕಾದಂಬರೀನ ನಮ್ಮನೇಲಿ ಕೂತು ಬರೀತೀರಾ?"