ಅಂಗಳದಲ್ಲಿ ಬರೆದ ದೋಣಿ

ನಾನು ಚಿಕ್ಕವನಿದ್ದಾಗ ಅಪ್ಪ ಬೆಳಕವಾಡಿಯ ಆಚೆ, ಕಾವೇರಿ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದ. ಈ ದಡದಿಂದ ಆ ದಡಕ್ಕೆ, ಆ ದಡದಿಂದ ಈ ದಡಕ್ಕೆ, ದಿನವಿಡೀ ಮಂಡಿಯೂರಿಕೊಂಡೇ ಹುಟ್ಟು ಹಾಕಬೇಕು. ಸಂಜೆ ಅವನ ಮಂಡಿಗೆ ಅವ್ವ ಬಿಸಿ ಹರಳೆಣ್ಣೆ ತಿಕ್ಕುತ್ತಿದ್ದಳು. ಆ ಎಣ್ಣೆಯ ವಾಸನೆ ಬಂದರೆ ಈಗಲೂ ನನಗೆ ಕೂತಲ್ಲೇ ದಣಿವಾಗುತ್ತದೆ.

ಒಂದು ಸಲ ಅಪ್ಪನಿಗೆ ಹಳೆಯ ಮರದ ದೋಣಿಯೊಂದು ಸಿಕ್ಕಿತು. ಎಷ್ಟೋ ಕಾಲದಿಂದ ಹೊಂಗೆಮರದ ಕೆಳಗೆ ಬೋರಲು ಬಿದ್ದಿತ್ತು. ಕೂರುವ ಹಲಗೆಗಳೆಲ್ಲ ಗೆದ್ದಲಿನ ಪಾಲಾಗಿದ್ದವು. ಮರಗೆಲಸದ ಆಚಾರಿ ಬಂದು ತಳದ ಬಿರುಕುಗಳಿಗೆ ರಾಳ ಮೆತ್ತಿದ. "ಮೈ ಗಟ್ಟಿಯಾಗೇ ಅದೆ ಕಣ್ಲಾ. ಒಳಗೆ ಯಾರ್ಯಾರು ಎಲ್ಲೆಲ್ಲಿ ಕೂರ್ಬೇಕು ಅಂತ ನೀನೇ ಯೋಳು, ಅಲಗೆ ಕೂಡುಸ್ತೀನಿ" ಎಂದ.

ಅಪ್ಪನಿಗೆ ಎರಡು ಆಸೆಗಳಿದ್ದವು. ಮೊದಲನೆಯದು ಅಕ್ಕನಿಗಾಗಿ. ಯಾವುದೋ ಜ್ವರ ಬಂದು ಅವಳ ಬಲಗಾಲು ಸೆಟೆದುಹೋಗಿತ್ತು, ಮಡಿಸಲು ಬರುತ್ತಿರಲಿಲ್ಲ. ಹೈಸ್ಕೂಲು ಇದ್ದದ್ದು ಆಚೆ ದಡದಲ್ಲಿ. ಹರಿಗೋಲಿನಲ್ಲಿ ಎಲ್ಲರೂ ಮುದುರಿ ಕೂರಬೇಕು, ಅವಳಿಗೆ ಅದು ಆಗದ ಮಾತು. ದೋಣಿಯಾದರೆ ಕಾಲು ಚಾಚಬಹುದು. ಇನ್ನೊಂದು ಆಸೆ ಅವನದೇ: ದೋಣಿಯ ಹಿಂಬದಿಯಲ್ಲಿ ಬೆನ್ನಿಗೆ ಒರಗು ಇರುವ ಒಂದು ಹಲಗೆ, ಅದರ ಮೇಲೆ ಕೂತು ಹುಟ್ಟು ಹಾಕುವುದು.

ಒಂದು ಭಾನುವಾರ ಅಪ್ಪ ಹಗ್ಗದಲ್ಲಿ ಅಳತೆ ತಂದು, ಸಗಣಿ ಸಾರಿಸಿದ ಅಂಗಳದಲ್ಲಿ ಒಲೆಯ ಬೂದಿಯಿಂದ ದೋಣಿಯನ್ನೇ ಬರೆದ. ಉದ್ದ ಅಗಲ ಇದ್ದಷ್ಟೇ. ಹಲಗೆ ಬರುವ ಕಡೆ ಒಂದೊಂದು ಅಡ್ಡಗೆರೆ. ನಾನು, ಅವ್ವ, ನೆರೆಮನೆಯವರು ಗೆರೆಗಳ ಮೇಲೆ ಮಣೆ ಹಾಕಿಕೊಂಡು ಸಾಲಾಗಿ ಕೂತೆವು. ಪಕ್ಕದ ಮನೆಯ ಮುದುಕಿ ಬುಟ್ಟಿಯನ್ನೂ ತಂದಿದ್ದಳು. ನಮ್ಮ ಕರು ದೋಣಿಯನ್ನು ಅಡ್ಡಲಾಗಿ ದಾಟಿಕೊಂಡು ಹೋಯಿತು. "ಯಾವಾಗ್ಲಾ ಒರಡೋದು?" ಎಂದು ಮುದುಕಿ ಕೇಳಿದಾಗ ಎಲ್ಲರೂ ನಕ್ಕರು.

ಅಕ್ಕ ಕೊನೆಗೆ ಬಂದಳು. ನಗು ಅಲ್ಲಿಗೆ ನಿಂತಿತು. ಅವಳ ಕಾಲಿಗೆ ಜಾಗವೇ ಇರಲಿಲ್ಲ. ಮುಂದೆ ಕೂರಿಸಿದರೆ ಹತ್ತುವವರೆಲ್ಲ ಕಾಲು ತುಳಿಯುತ್ತಾರೆ. ಹಲಗೆಯ ಮೇಲೇ ಅಡ್ಡ ಚಾಚಿದರೆ ಮೂವರ ಜಾಗ ಹೋಗುತ್ತದೆ. ನಡುವಿನ ಒಂದು ಹಲಗೆ ಬಿಟ್ಟುಬಿಡೋಣ ಎಂದ ಅಪ್ಪ.

"ನಡುವಿನ ಅಲಗೆ ಬುಟ್ರೆ ದೋಣಿ ಬಾಯಿ ಬುಟ್ಕತದೆ. ಎರಡು ಪಕ್ಕವ ಇಡ್ಕಂಡಿರೋದೇ ಅದು" ಎಂದ, ಗೆರೆ ನೋಡಲು ಬಂದಿದ್ದ ಆಚಾರಿ.

ಅಪ್ಪ ಅಳಿಸಿದ, ಬರೆದ, ಮತ್ತೆ ಅಳಿಸಿದ. ಬಿಸಿಲೇರಿತು. ಬೆವರಿಗೆ ಬೂದಿ ಮೆತ್ತಿ ಅವನ ಮುಖವೆಲ್ಲ ಬೆಳ್ಳಗಾಯಿತು. ನೆರೆಯವರು ಒಬ್ಬೊಬ್ಬರಾಗಿ ಮಣೆ ಎತ್ತಿಕೊಂಡು ಮನೆಗೆ ಹೋದರು.

"ಬುಡಪ್ಪ, ಸಾಕು. ನಾನು ಇಸ್ಕೂಲಿಗೆ ಓಗಕಿಲ್ಲ" ಎಂದಳು ಅಕ್ಕ. ಅಳಲಿಲ್ಲ. ಅವಳಿಗೂ ಸಾಕಾಗಿತ್ತು.

ಅಪ್ಪ ಹಿಂಬದಿಯ ತನ್ನ ಗೆರೆಯನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅಂಗಾಲಿನಿಂದ ಅದನ್ನು ಉಜ್ಜಿಬಿಟ್ಟ. ಅದರ ಮುಂದಿನ ಗೆರೆಯ ಮೇಲೆ ಅಕ್ಕನನ್ನು ಹಿಂದಕ್ಕೆ ಮುಖ ಮಾಡಿ ಕೂರಿಸಿದ. ಖಾಲಿಯಾದ ಜಾಗದಲ್ಲಿ ಅವಳ ಕಾಲು ಪೂರ್ತಿ ಚಾಚಿತು.

"ನೀನೆಲ್ಲಿ ಕುಂತ್ಕತೀಯ?" ಆಚಾರಿ ಕೇಳಿದ.

"ನಿಂತ್ಕಂಡೇ ಉಟ್ಟಾಕ್ತೀನಿ ಬುಡು."

"ದಿನಾ ನಿಂತ್ರೆ ಸೊಂಟ ಬಿದ್ದೋಯ್ತದೆ ಕಣ್ಲಾ."

"ಬೀಳ್ಲಿ. ಅವಳು ಓದ್ಕಳ್ಳಿ."

ಅಕ್ಕ ಓದಿದಳು, ಟೀಚರಾದಳು. ಅಪ್ಪ ಮುದುಕನಾಗುವವರೆಗೂ ನಿಂತೇ ಹುಟ್ಟು ಹಾಕಿದ. ಅಂಗಳದ ಆ ಮಾತು ಮರೆತು, ಅವನಿಗೆ ನಿಲ್ಲುವುದೇ ಇಷ್ಟ ಎಂದು ನಾನು ತಿಳಿದುಕೊಂಡಿದ್ದೆ.

ಮಕ್ಕಳೇ, ಈಗ ಹೊಳೆಗೆ ಸೇತುವೆಯಿದೆ. ನಿಮ್ಮ ಸ್ಕೂಲ್ ವ್ಯಾನು ಎರಡು ನಿಮಿಷದಲ್ಲಿ ದಾಟಿಬಿಡುತ್ತದೆ. ಒಬ್ಬೊಬ್ಬರಿಗೂ ಮೆತ್ತನೆಯ ಸೀಟು, ಕಿಟಕಿ ಪಕ್ಕದ್ದು ಬೇಕೆಂದು ಜಗಳ ಬೇರೆ. ಅದಕ್ಕೆ ನಾನು ಬೈಯುವುದಿಲ್ಲ. ಮೊನ್ನೆ ಮಳವಳ್ಳಿಯ ಬಸ್ಸಿನಲ್ಲಿ ನಿಮ್ಮಲ್ಲಿ ಚಿಕ್ಕವಳು ತಟ್ಟನೆ ಎದ್ದು "ಕೂತ್ಕೊ ತಾತ" ಎಂದಳು. ನಾನು ಕೂತು ಮುಖ ಆಚೆ ತಿರುಗಿಸಿದೆ. ಯಾಕೆ ತಾತ ಎಂದು ನೀವು ಕೇಳಿದಿರಿ, ಆಗ ಹೇಳಲಾಗಲಿಲ್ಲ. ಅಪ್ಪನ ದೋಣಿಯಲ್ಲಿ ನಾನೂ ಅಷ್ಟು ವರ್ಷ ಕೂತು ಓಡಾಡಿದೆ. ಹುಟ್ಟು ಹಾಕುವಷ್ಟು ತೋಳೂ ಬಲಿತಿತ್ತು. "ಅಪ್ಪ, ಒಂದು ಗಳಿಗೆ ನೀನು ಕುಂತ್ಕೊ" ಎಂದು ಒಂದು ದಿನವೂ ನಾನು ಹೇಳಲಿಲ್ಲ.