ಹುಳದ ಮನೆಯಲ್ಲಿ ಬೆಲ್ಜಿಯಂ ಬಿಯರು

ಕಳೆದ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ತಂಗಿಯ ಊರು ಮೇಲೂರಿನಲ್ಲಿ ಕೂತು ನಾನು ನಾಲ್ಕು ಬಗೆಯ ಬಿಯರ್ ಕುಡಿದೆ. ಡ್ಯೂಟಿ ಮೇಲೆ. ನಗಬೇಡಿ, ನನ್ನನ್ನು ತಜ್ಞ ಎಂದು ಕರೆಸಿದ್ದರು.

ತಪ್ಪು ಈ ಅಂಕಣದ್ದೇ. ಬೆಂಗಳೂರಿನ ಪಬ್ಬೊಂದರಲ್ಲಿ ಎರಡು ಸಂಜೆ ಕಳೆದು ಬಂದು, ಬಿಯರಿನ ಬಗೆಗಳ ಮೇಲೆ ಇಲ್ಲಿ ಉದ್ದಕ್ಕೆ ಬರೆದಿದ್ದೆನಲ್ಲ? ನೀವು ಓದಿ ಮರೆತಿರಿ. ತಂಗಿಯ ಗಂಡ ಮಂಜುನಾಥ ಮಾತ್ರ ಓದಿ ಡ್ರಮ್ ಕೊಂಡ.

ಆ ಡ್ರಮ್ಮನ್ನು ಇಟ್ಟಿದ್ದು ರೇಷ್ಮೆ ಹುಳದ ಮನೆಯಲ್ಲಿ. ಅದು ನನ್ನ ತಂಗಿ ಸುಧಾಳ ಸಾಮ್ರಾಜ್ಯ. ಸೊಪ್ಪು ಹಾಕುವುದರಿಂದ ಹಿಡಿದು ಗೂಡು ಬಿಡಿಸುವವರೆಗೆ ಅವಳದೇ ಕೈ, ಅವಳದೇ ಸಂಪಾದನೆ. ಎರಡು ಬೆಳೆಗಳ ನಡುವೆ ಮನೆ ಖಾಲಿ ಬಿದ್ದಿತ್ತು. ಬಿಯರ್ ಹುಳಿಯಲು ಒಂದೇ ಹದದ ಬಿಸಿ ಬೇಕಂತೆ, ಹುಳಕ್ಕೂ ಅದೇ ಬೇಕು. ಯೂಟ್ಯೂಬ್ ನೋಡಿದ ಗಂಡಸಿಗೆ ಇನ್ನೇನು ಬೇಕು? (ಮನೆಯಲ್ಲಿ ಬಿಯರ್ ಮಾಡಲು ಲೈಸೆನ್ಸ್ ಬೇಡವೇ ಎನ್ನುತ್ತೀರಾ? ಕೈಗೆ ಲೋಟ ಬಂದ ಮೇಲೆ ಅದನ್ನೆಲ್ಲ ಕೇಳುವುದು ಸಭ್ಯತೆಯಲ್ಲ ಎಂದು ನಾನೂ ಸುಮ್ಮನಿದ್ದೆ.)

ಅವನ ಪ್ಲಾನ್ ದೊಡ್ಡದು. ಸ್ಕಂದಗಿರಿ ಹತ್ತಿ ಸುಸ್ತಾಗಿ ಇಳಿಯುವ ಬೆಂಗಳೂರಿನ ಮಂದಿಗೆ ತಣ್ಣನೆಯ ಲೋಕಲ್ ಬಿಯರ್. ಹುಳದ ಮನೆ ಪೂರ್ತಿ ಅದಕ್ಕೇ. ಎರಡನ್ನೂ ಒಟ್ಟಿಗೆ ನಡೆಸುವಂತಿಲ್ಲ, ಯಾಕೆಂದರೆ ಹುಳಕ್ಕೆ ವಾಸನೆ ಆಗದು. ಸೆಂಟ್ ಹಾಕಿಕೊಂಡು ಬಂದವರನ್ನು ಸುಧಾ ಹೊಸಿಲು ದಾಟಲು ಬಿಡುವುದಿಲ್ಲ. ಡ್ರಮ್ಮಿನ ದೆಸೆಯಿಂದ ಆಗಲೇ ಒಂದು ಬೆಳೆ ತಪ್ಪಿಹೋಗಿತ್ತು.

ನಾನು ಚಪ್ಪಲಿ ಬಿಡುತ್ತಿದ್ದ ಹಾಗೇ ಸುಧಾ ಹತ್ತಿರ ಬಂದಳು.

"ಅಣ್ಣ, ನಾನು ಹೇಳಿದ್ರೆ ಅವ್ರು ಕೇಳಲ್ಲ. ನಿನ್ ಮಾತು ಕೇಳ್ತಾರೆ. ಚೆನ್ನಾಗಿಲ್ಲ ಅಂದ್ರೆ ಚೆನ್ನಾಗಿಲ್ಲ ಅಂತ ಹೇಳ್ಬಿಡಪ್ಪ. ನೀನು ಹೂಂ ಅಂದ್ರೆ ನನ್ನ ಹುಳದ ಮನೆ ಹೋಯ್ತು."

ಅದಕ್ಕೇನಂತೆ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ ಎಂದೆ. ಸತ್ಯ ಹೇಳುವುದೇ ಅಂಕಣಕಾರನ ಕೆಲಸವಲ್ಲವೇ?

ಮೊದಲು ಪೇಲ್ ಏಲ್. ಕಹಿ. ಬೇವಿನೆಲೆ ನೆನೆಸಿದ ನೀರು ಇದಕ್ಕಿಂತ ಮೆದುವಾಗಿರುತ್ತದೆ. "ಧೈರ್ಯ ಇದೆ ಇದರಲ್ಲಿ" ಎಂದೆ. ಆಮೇಲೆ ರಾಗಿ ಸ್ಟೌಟ್. ಕಪ್ಪಗೆ, ಮಂದವಾಗಿ, ತಳ ಹತ್ತಿದ ಅಂಬಲಿಯ ಹಾಗಿತ್ತು. ಅದರಲ್ಲಿ ಕಾಫಿಯ ಛಾಯೆ ಕಂಡುಹಿಡಿದೆ. ಹಿಪ್ಪುನೇರಳೆ ಹಣ್ಣಿನದು ಸೀಸೆ ತೆರೆದ ಕೂಡಲೇ ಅರ್ಧ ಚಾವಣಿಗೆ ಹಾರಿತು. ಉಳಿದರ್ಧಕ್ಕೆ "ಲೈವ್ಲಿ" ಎಂಬ ಬಿರುದು ಕೊಟ್ಟೆ.

ಕೊನೆಗೆ ವೀಟ್ ಬಿಯರ್. ಮೂಗಿನ ಹತ್ತಿರ ತಂದೆ. ಸರ್ಕಾರಿ ಆಸ್ಪತ್ರೆಯ ನೆಲ ಒರೆಸಿದ ಅರ್ಧ ಗಂಟೆಗೆ ಏಳುವ ವಾಸನೆ.

ಈಗ ಹೇಳಬೇಕಿತ್ತು. ಸುಧಾ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಮಂಜುನಾಥ ಫೋನ್ ಹಿಡಿದು ವಿಡಿಯೋ ಮಾಡುತ್ತಿದ್ದ. ಕ್ಯಾಮೆರಾ ಮುಂದೆ ತಜ್ಞನಾದವನು "ವಾಸನೆ ಬರ್ತಿದೆ" ಎನ್ನಲಾದೀತೇ? ಕಣ್ಣು ಮುಚ್ಚಿದೆ. ಗುಟುಕರಿಸಿದೆ.

"ಲವಂಗದ ನೋಟ್ ಇದೆ. ಪಕ್ಕಾ ಬೆಲ್ಜಿಯಂ ಸ್ಟೈಲ್."

ಸುಧಾ ಬಂದು ಲೋಟ ಎತ್ತಿ ಮೂಸಿದಳು. ಇದು ಬ್ಲೀಚಿಂಗ್ ಪೌಡರು ಎಂದಳು. ಒಂದೊಂದು ಬೆಳೆ ಮುಗಿದಾಗಲೂ ಅದರಲ್ಲೇ ಹುಳದ ಮನೆ, ತಟ್ಟೆ, ಸ್ಟ್ಯಾಂಡು ತೊಳೆಯುವವಳು ಅವಳು. ಮಂಜುನಾಥ ಕೂಡಲೇ ಒಪ್ಪಿಕೊಂಡ. ಬಿಯರಿಗೆ ಶುಚಿ ಮುಖ್ಯ ಎಂದು ವಿಡಿಯೋದಲ್ಲಿ ಹೇಳಿದ್ದರಂತೆ. ಹುಳಕ್ಕೆ ಆಗುವುದು ಬಿಯರಿಗೆ ಆಗದೇ ಎಂದು ಅದೇ ನೀರಲ್ಲಿ ಸೀಸೆ ಅದ್ದಿ ತೆಗೆದಿದ್ದ. ಹುಳ ಸಾಕುವ ಮನೆಯವರಲ್ಲದೆ ಇನ್ಯಾರು ಈ ಕೆಲಸ ಮಾಡಿಯಾರು!

ಅವನ ಮುಖ ಸಪ್ಪಗಾಗಿತ್ತು. "ಆದ್ರೆ ಭಾವ, ನೀವು ಬೆಲ್ಜಿಯಂ ಅಂದ್ರಲ್ಲ?"

ಇಬ್ಬರೂ ನನ್ನ ಕಡೆ ತಿರುಗಿದರು. ಒಂದೇ ಒಂದು ಮಾತು ಸಾಕಿತ್ತು. ನನಗೆ ಗೊತ್ತಾಗಲಿಲ್ಲ ಕಣಪ್ಪ, ಅವಳು ಹೇಳಿದ್ದೇ ಸರಿ ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡೆ. ಯುರೋಪಿನಲ್ಲಿ ಇಂಥ ರುಚಿಗೆಂದೇ ಹುಡುಕಿಕೊಂಡು ಹೋಗುವವರಿದ್ದಾರೆ ಎಂದುಬಿಟ್ಟೆ.

ಮಂಜುನಾಥ ಖುಷಿಯಲ್ಲಿ ಹೆಂಡತಿಯ ಕಡೆ ತಿರುಗಿ, ನೋಡಿದೆಯಾ ಎಂದು ತನ್ನ ಮನೆಮಾತು ತೆಲುಗಿನಲ್ಲೇ ಕೇಳಿದ, "ಚೂಸ್ತಿವಾ?" ಸುಧಾ ಲೋಟ ಕೆಳಗಿಟ್ಟು ಒಳಗೆ ಹೋದಳು. ಊಟಕ್ಕೆ ಹುರುಳಿ ಬಸ್ಸಾರು, ಮುದ್ದೆ ಬಡಿಸಿದಳು. ನನ್ನ ಮುಖ ಮಾತ್ರ ನೋಡಲಿಲ್ಲ.

ಬುಧವಾರ ಸುಧಾಳ ಫೋನ್ ಬಂತು. ಹುಳದ ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆ ಎಲ್ಲವನ್ನೂ ಪಕ್ಕದ ಬೀದಿಯವರಿಗೆ ಕೊಟ್ಟಾಯಿತಂತೆ. ಈ ಸಲ ಮರಿಹುಳ ತರಿಸಲಿಲ್ಲವಂತೆ. ಇನ್ನೆರಡು ಡ್ರಮ್ ಬಂದಿವೆಯಂತೆ. ಬೈಯುತ್ತಾಳೆ ಎಂದು ಕಾದೆ, ಬೈಯಲಿಲ್ಲ. ಬೈದಿದ್ದರೆ ನನಗೇ ಒಳ್ಳೆಯದಿತ್ತು.

"ಅಣ್ಣ, ಅವತ್ತು ನಿಂಗೆ ವಾಸನೆ ಗೊತ್ತಾಗ್ಲಿಲ್ವಾ? ಇಲ್ಲ, ಗೊತ್ತಾಗಿಯೂ ಹೇಳ್ಲಿಲ್ವಾ?"

"ಗೊತ್ತಾಗ್ಲಿಲ್ಲಮ್ಮ" ಎಂದೆ.

ಮೂಗು ಕೆಟ್ಟಿದೆ ಎಂದು ಒಪ್ಪಿಕೊಳ್ಳುವುದು ಎಷ್ಟು ಸುಲಭ, ನೋಡಿ.