ಸುನಂದಾಳ ಬದ್ಲಿ

ನಮ್ಮೂರು ರಾಜೇಶ್ವರದ ಹುಡುಗಿಯರ ಕಬಡ್ಡಿ ತಂಡಕ್ಕೆ ನಾನು ಮ್ಯಾನೇಜರ್. ಅಂದರೆ ನೀರಿನ ಕ್ಯಾನ್ ಹೊರುವವನು. ನಮ್ಮ ರೇಡರ್ ಸುನಂದಾ ಎದುರಾಳಿ ಅಂಕಣಕ್ಕೆ ಹೋದರೆ ಒಬ್ಬರನ್ನಾದರೂ ಮುಟ್ಟದೆ ತಿರುಗಿ ಬಂದವಳಲ್ಲ.

ಒಂದು ದಿನ ಹುಮನಾಬಾದಿನ ತಂಡದ ಯಜಮಾನ ಬೈಕ್ ಮೇಲೆ ಬಂದು, ಆಕೆಯ ಎದುರೇ ನನ್ನನ್ನು ಕೇಳಿದ: "ಈಕಿನ್ನ ನಮಗ ಕೊಡ್ರಿ. ಮ್ಯಾಚಿಗೆ ಇಷ್ಟಂತ ರೊಕ್ಕ ಕೊಡ್ತೀವಿ. ನೀವು ಏನ್ ಕೊಡಾಕತ್ತೀರಿ?"

ಬಸ್ ಚಾರ್ಜು, ಮಿರ್ಚಿ ಭಜಿ ಎನ್ನಲು ನಾಚಿಕೆಯಾಯಿತು. "ಆಕಿಗೆ ಛಲೋ ಆಗೋದಿದ್ರ ಹೋಗ್ಲಿ" ಎಂದೆ.

ಸುನಂದಾ ಅವನತ್ತ ತಿರುಗಿದಳು. "ನಾ ಕೂಲಿ ಮಾಡಾಕಿರಿ. ಮ್ಯಾಚ್ ದಿನ ನನ್ನ ಬದ್ಲಿ ಕಳೆ ಕೀಳಾವ್ರು ಯಾರು? ಇಲ್ಲಿ ಅವತ್ತ ಆಡದ ಹುಡಿಗ್ಯಾರು ಹೊಲಕ್ಕ ಹೋಗ್ತಾರ, ಕೂಲಿ ತಂದು ನಮ್ಮವ್ವನ ಕೈಯಾಗ ಇಡ್ತಾರ. ನೀವು ಬರ್ತೀರೇನ್ರಿ?"

ಆತ ತನ್ನ ಬಿಳಿ ಬೂಟು ನೋಡಿಕೊಂಡ. ಚಹಾ ಕುಡಿದು ಹೋದ. ಅವತ್ತು ನಾನು ಎದೆಯುಬ್ಬಿಸಿಕೊಂಡು ಊರೆಲ್ಲ ತಿರುಗಿದೆ.

ಫೈನಲ್ ಹುಮನಾಬಾದಿನಲ್ಲೇ, ಅದೇ ತಂಡದ ಮೇಲೆ. ಇಬ್ಬರಿಗೆ ಜ್ವರ ಬಂದು ಉಳಿದ ಹುಡುಗಿಯರೆಲ್ಲ ಆಟಕ್ಕೆ ಬೇಕಾದರು. ಬದ್ಲಿ ಸರದಿ ನನಗೆ ಬಂತು. ಗೆದ್ದ ಸುದ್ದಿ ಫೋನಿನಲ್ಲಿ ಬಂದಾಗ ನಾನು ಉದ್ದಿನ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆ. ಎದ್ದು ನಿಂತು, "ನಮ್ಮ ಸುನಂದಾ ಕಪ್ ಹೊಡದಾಳ್ರಿ" ಎಂದು ಕೂಗಿದೆ.

ಹೊಲದ ಮಾಲೀಕರು ನನ್ನ ಸಾಲನ್ನೊಮ್ಮೆ ನೋಡಿದರು. "ಖುಷಿ ಆತ್ರಿ. ನಾಳಿಗಿ ಮಾತ್ರ ಆಕಿನ್ನೇ ಕಳಸ್ರಿ. ನೀವು ಕಳೆ ಬಿಟ್ಟು ಉದ್ದು ಕಿತ್ತೀರಿ."